ಸಾಕು ಮೊಲದ ತೂಕವೃದ್ಧಿ ಮತ್ತು ಆಹಾರಕ್ರಮ

ಸಾಕು ಮೊಲದ ತೂಕವೃದ್ಧಿ ಎಂದರೆ ಸೊರಗಿದ ಮೊಲವನ್ನು ಅದರ ತಳಿ ಮತ್ತು ವಯಸ್ಸಿಗೆ ತಕ್ಕ ತೂಕಕ್ಕೆ ನಿಧಾನವಾಗಿ ಮರಳಿಸುವ ಪೋಷಣಾ ಕ್ರಮ. ಸಾಕು ಮೊಲಗಳು ಓರಿಕ್ಟೋಲಾಗಸ್ ಕ್ಯುನಿಕ್ಯುಲಸ್ ಎಂಬ ಯುರೋಪಿನ ಕಾಡು ಮೊಲದ ಸಂತತಿ. ನೆದರ್‌ಲ್ಯಾಂಡ್ ಡ್ವಾರ್ಫ್ ತಳಿಯ ಮೊಲ ಸುಮಾರು 1 ಕಿಲೋಗ್ರಾಂ ತೂಗಿದರೆ ಫ್ಲೆಮಿಷ್ ಜೈಂಟ್ ತಳಿಯದು 6 ಕಿಲೋಗ್ರಾಂಗಳನ್ನೂ ಮೀರಬಲ್ಲದು. ಆದುದರಿಂದ ಎಲ್ಲ ಮೊಲಗಳಿಗೂ ಅನ್ವಯಿಸುವ ಒಂದೇ ಆದರ್ಶ ತೂಕವಿಲ್ಲ.

ದೇಹಸ್ಥಿತಿಯ ಪರೀಕ್ಷೆ

ದಟ್ಟವಾದ ರೋಮವು ಮೊಲದ ಕೃಶತೆಯನ್ನು ಮರೆಮಾಚುತ್ತದೆ. ಹೀಗಾಗಿ ಕೈಯಿಂದ ಮುಟ್ಟಿ ನೋಡುವುದು ಅಗತ್ಯ. ಆರೋಗ್ಯವಂತ ಮೊಲದ ಪಕ್ಕೆಲುಬುಗಳು ತೆಳುವಾದ ಮಾಂಸದ ಹೊದಿಕೆಯಡಿ ಬೆರಳಿಗೆ ಸಿಗುತ್ತವೆ. ಬೆನ್ನುಮೂಳೆ ಹಾಗೂ ಸೊಂಟದ ಮೂಳೆಗಳು ಚೂಪಾಗಿ ತಗುಲಿದರೆ ಮೊಲವು ಬಡಕಲಾಗಿದೆ ಎಂದರ್ಥ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ ಏರಿಳಿತವು ಬೇಗ ತಿಳಿಯುತ್ತದೆ.

ತೂಕ ಇಳಿಯಲು ಕಾರಣಗಳು

ಮೊಲದ ಹಲ್ಲುಗಳು ಜೀವನಪರ್ಯಂತ ಬೆಳೆಯುತ್ತವೆ. ಒರಟಾದ ಹುಲ್ಲನ್ನು ಅಗಿಯುವುದರಿಂದ ಮಾತ್ರ ಅವು ಸರಿಯಾಗಿ ಸವೆಯುತ್ತವೆ. ಸವೆಯದ ದವಡೆಹಲ್ಲುಗಳು ಮೊನಚಾಗಿ ನಾಲಿಗೆ ಮತ್ತು ಕೆನ್ನೆಯನ್ನು ಗಾಯಗೊಳಿಸಿದಾಗ ಮೊಲವು ಹಸಿವಿದ್ದರೂ ತಿನ್ನಲಾರದು. ಜೊಲ್ಲು ಸುರಿಯುವುದು, ಹುಲ್ಲನ್ನು ಬಿಟ್ಟು ಮೃದು ಆಹಾರವನ್ನಷ್ಟೇ ತಿನ್ನುವುದು ಇದರ ಲಕ್ಷಣಗಳು. ಕಾಕ್ಸಿಡಿಯಾದಂಥ ಕರುಳಿನ ಪರಾವಲಂಬಿಗಳು, ಮೂತ್ರಪಿಂಡ ಅಥವಾ ಯಕೃತ್ತಿನ ರೋಗ, ವೃದ್ಧಾಪ್ಯ ಹಾಗೂ ಜೊತೆಗಾರ ಮೊಲದೊಂದಿಗಿನ ಮೇವಿನ ಪೈಪೋಟಿಯೂ ಕಾರಣವಾಗಬಹುದು. ಕಾರಣವನ್ನು ಪಶುವೈದ್ಯರಿಂದ ಪತ್ತೆಹಚ್ಚಿಸದೆ ಆಹಾರವನ್ನಷ್ಟೇ ಹೆಚ್ಚಿಸಿದರೆ ಪ್ರಯೋಜನವಾಗದು.

ಜೀರ್ಣಕ್ರಿಯೆಯ ವೈಶಿಷ್ಟ್ಯ

ಮೊಲದ ಕರುಳಿನಲ್ಲಿ ಸೀಕಮ್ ಎಂಬ ಚೀಲದಂಥ ದೊಡ್ಡ ಭಾಗವಿದೆ. ಇಲ್ಲಿನ ಸೂಕ್ಷ್ಮಜೀವಿಗಳು ಆಹಾರವನ್ನು ಹುದುಗಿಸಿ ಬಿ ಜೀವಸತ್ವಗಳನ್ನೂ ಪ್ರೋಟೀನನ್ನೂ ಉತ್ಪಾದಿಸುತ್ತವೆ. ಇವುಗಳಿಂದ ತುಂಬಿದ ಮೃದುವಾದ ಹಿಕ್ಕೆಯನ್ನು ಮೊಲವು ಮತ್ತೆ ತಿಂದು ಪೋಷಕಾಂಶ ಪಡೆಯುತ್ತದೆ. ಇದು ಸಹಜ ಕ್ರಿಯೆ, ತಡೆಯಬಾರದು. ಹುಲ್ಲಿನ ನಾರು ಕರುಳಿನ ಚಲನೆಯನ್ನು ಕಾಯ್ದುಕೊಳ್ಳುತ್ತದೆ. ಪಿಷ್ಟ ಮತ್ತು ಸಕ್ಕರೆ ಅತಿಯಾದರೆ ಸೂಕ್ಷ್ಮಜೀವಿಗಳ ಸಮತೋಲನ ಕೆಟ್ಟು, ಮಾರಕ ಭೇದಿಗೂ ದಾರಿಯಾಗಬಹುದು. ಬ್ರೆಡ್, ಬಿಸ್ಕತ್ತು ಅಥವಾ ಕಾಳುಗಳನ್ನು ಧಾರಾಳವಾಗಿ ನೀಡಿ ಮೊಲವನ್ನು ಬೇಗ ದಪ್ಪಗಾಗಿಸುವ ಪ್ರಯತ್ನವು ಅಪಾಯಕಾರಿಯಾಗಿರುವುದು ಇದರಿಂದಲೇ.

ಆಹಾರಕ್ರಮ

* ಒಣಹುಲ್ಲು: ಆಹಾರದ ಸುಮಾರು 80 ಶೇಕಡಾ ಭಾಗ ಹುಲ್ಲಾಗಿರಬೇಕು. ಟಿಮೋಥಿ, ಗರಿಕೆ ಮುಂತಾದ ಹುಲ್ಲುಗಳು ದಿನವಿಡೀ ಲಭ್ಯವಿರಬೇಕು.
* ಕುದುರೆ ಮಸಾಲೆ ಸೊಪ್ಪು: ಲೂಸರ್ನ್ ಎಂದೂ ಕರೆಯಲಾಗುವ ಈ ಮೇವಿನಲ್ಲಿ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಅಧಿಕ. ಇದು ಬೆಳೆಯುವ ಮರಿಗಳಿಗೆ ಸೂಕ್ತ. ಕೃಶವಾದ ವಯಸ್ಕ ಮೊಲಕ್ಕೆ ಹುಲ್ಲಿನೊಂದಿಗೆ ಬೆರೆಸಿ ಕೆಲಕಾಲ ನೀಡಬಹುದು. ಮೂತ್ರಕೋಶದಲ್ಲಿ ಕಲ್ಲಿನ ತೊಂದರೆಯಿರುವ ಮೊಲಕ್ಕೆ ಇದು ತಕ್ಕದ್ದಲ್ಲ.
* ಗುಳಿಗೆ ಆಹಾರ: ಸಾಮಾನ್ಯವಾಗಿ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 25 ಗ್ರಾಂ ಸಾಕು. ಪಶುವೈದ್ಯರ ಸಲಹೆಯಂತೆ ಇದನ್ನು ಸ್ವಲ್ಪ ಹೆಚ್ಚಿಸಬಹುದು.
* ಸೊಪ್ಪು: ಕೊತ್ತಂಬರಿ, ಪುದೀನ, ಕ್ಯಾರೆಟ್ ಸೊಪ್ಪುಗಳನ್ನು ತೊಳೆದು ಕೊಡಬಹುದು. ಇವು ಹಸಿವನ್ನು ಹೆಚ್ಚಿಸಿದರೂ ನೀರಿನಂಶವೇ ಅಧಿಕವಾದ್ದರಿಂದ ತೂಕಕ್ಕೆ ಇವನ್ನೇ ಅವಲಂಬಿಸಲಾಗದು.
* ನೀರು: ಶುದ್ಧ ನೀರು ಸದಾ ಇರಬೇಕು. ನೀರು ಕಡಿಮೆಯಾದರೆ ಮೊಲವು ಮೇವನ್ನೂ ಕಡಿಮೆ ತಿನ್ನುತ್ತದೆ.

ಹೊಸ ಆಹಾರವನ್ನು 7ರಿಂದ 10 ದಿನಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಹಿಕ್ಕೆ ಮೆತ್ತಗಾದರೆ ಅದನ್ನು ನಿಲ್ಲಿಸಬೇಕು. ಗುರಿಯ ತೂಕ ತಲುಪಿದ ಬಳಿಕ ಕುದುರೆ ಮಸಾಲೆ ಮತ್ತು ಹೆಚ್ಚುವರಿ ಗುಳಿಗೆಗಳನ್ನು ಕ್ರಮೇಣ ತಗ್ಗಿಸಬೇಕು. ಇಲ್ಲವಾದರೆ ಬೊಜ್ಜು ಬರುತ್ತದೆ.

ಎಚ್ಚರಿಕೆಗಳು

ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು ಮತ್ತು ಚಾಕೊಲೇಟ್ ಮೊಲಗಳಿಗೆ ವಿಷಕಾರಿ. ಮೊಲವು ಸುಮಾರು 12 ಗಂಟೆಗಳ ಕಾಲ ಏನನ್ನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಅದು ತುರ್ತುಸ್ಥಿತಿ. ಕರುಳಿನ ಚಲನೆ ನಿಂತು, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಸಾವು ಸಂಭವಿಸಬಹುದು. ಅಂಥ ಸಂದರ್ಭದಲ್ಲಿ ಮನೆಮದ್ದಿಗೆ ಕಾಯದೆ ಕೂಡಲೇ ಪಶುವೈದ್ಯರನ್ನು ಕಾಣಬೇಕು.