ಟಿಪ್ಪಣಿ ಒಂದು, ಕಪಾಟು ಹಲವು

ಓದಿದ ಪುಸ್ತಕ, ಮಾಡಬೇಕಾದ ಕೆಲಸ, ಸಂಶೋಧನೆಯ ಟಿಪ್ಪಣಿ ಎಲ್ಲವನ್ನೂ ಫೋನು, ಲ್ಯಾಪ್‌ಟಾಪುಗಳಲ್ಲೇ ಬರೆದಿಡುವವರ ಸಂಖ್ಯೆ ದೊಡ್ಡದಾಗುತ್ತಿದೆ. ನೋಷನ್, ಅಬ್ಸಿಡಿಯನ್‌ನಂಥ ಆ್ಯಪ್‌ಗಳಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಟಿಪ್ಪಣಿ. ಅದರ ನೆತ್ತಿಯಲ್ಲಿ ಲೇಖಕ, ವರ್ಷ, ಪ್ರಕಾರ, ಓದು ಎಲ್ಲಿಗೆ ಬಂತು ಎಂಬ ವಿವರಗಳು. ‘ಗ್ರೂಪ್’ ಎಂಬ ಗುಂಡಿ ಒತ್ತಿ ಲೇಖಕ ಎಂದು ಆರಿಸಿದರೆ ಕಾರಂತರ ಪುಸ್ತಕಗಳೆಲ್ಲ ಒಂದು ತಲೆಬರಹದ ಕೆಳಗೆ ಸೇರುತ್ತವೆ, ತ್ರಿವೇಣಿಯವರವು ಇನ್ನೊಂದರ ಕೆಳಗೆ. ಪ್ರಕಾರ ಎಂದರೆ ಅವೇ ಪುಸ್ತಕಗಳು ಕಾದಂಬರಿ, ನಾಟಕ, ಆತ್ಮಕಥೆಗಳಾಗಿ ಬೇರೆಯಾಗುತ್ತವೆ. ಯಾವ ಟಿಪ್ಪಣಿಯೂ ಇದ್ದ ಜಾಗದಿಂದ ಕದಲಿರುವುದಿಲ್ಲ.

ಇಷ್ಟು ಸಲೀಸಾದ ಈ ಕೆಲಸದ ಹಿಂದೆ ಸುಮಾರು ನೂರು ವರ್ಷಗಳ ಚಿಂತನೆಯಿದೆ. ಅದರ ಒಂದು ಮುಖ್ಯ ಎಳೆ ನಮ್ಮ ಬೆಂಗಳೂರಿಗೇ ಬಂದು ನಿಂತಿದೆ.

ಗಣಿತದ ಮೇಷ್ಟ್ರು ಗ್ರಂಥಪಾಲಕರಾದಾಗ

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಹೊಸ ವೃತ್ತಿಯನ್ನು ಕಲಿಯಲು ಅದೇ ವರ್ಷ ಲಂಡನ್ನಿಗೆ ಹೋದರು. ಅಲ್ಲಿನ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದ್ದ ವರ್ಗೀಕರಣ ಅವರಿಗೆ ಸಮಾಧಾನ ಕೊಡಲಿಲ್ಲ. 1876ರಲ್ಲಿ ಮೆಲ್ವಿಲ್ ಡ್ಯೂಯಿ ರೂಪಿಸಿದ ದಶಮಾಂಶ ಪದ್ಧತಿಯಲ್ಲಿ ಪ್ರತಿ ವಿಷಯಕ್ಕೂ ಮೊದಲೇ ಗೊತ್ತುಮಾಡಿದ ಒಂದು ಖಾನೆ ಇರುತ್ತಿತ್ತು. ಎರಡು ಮೂರು ವಿಷಯಗಳು ಬೆರೆತ ಪುಸ್ತಕ ಬಂದರೆ ಯಾವುದೋ ಒಂದು ಖಾನೆಗೆ ಅದನ್ನು ತುರುಕಬೇಕಿತ್ತು.

ಲಂಡನ್ನಿನ ಸೆಲ್ಫ್ರಿಜಸ್ ಮಳಿಗೆಯಲ್ಲಿ ಕಂಡ ಮೆಕ್ಯಾನೊ ಆಟಿಕೆ ತನಗೆ ದಾರಿ ತೋರಿಸಿತೆಂದು ರಂಗನಾಥನ್ ಮುಂದೆ ಹೇಳಿಕೊಂಡರು. ಕೆಲವೇ ಬಗೆಯ ಪಟ್ಟಿಗಳು, ತಿರುಪುಗಳು. ಜೋಡಿಸಿದಂತೆಲ್ಲ ಹೊಸ ಹೊಸ ಆಕಾರ. ವಿಷಯಗಳನ್ನೂ ಹೀಗೆ ಬಿಡಿಭಾಗಗಳಾಗಿ ಒಡೆದು ಬೇಕಾದಾಗ ಜೋಡಿಸಬಾರದೇಕೆ? 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ ಈ ಪ್ರಶ್ನೆಗೆ ಉತ್ತರ. ಯಾವುದೇ ವಿಷಯವನ್ನು ಮೂಲವಸ್ತು, ದ್ರವ್ಯ, ಕ್ರಿಯೆ, ಸ್ಥಳ, ಕಾಲ ಎಂಬ ಐದು ಮುಖಗಳಿಂದ ನೋಡಬಹುದು ಎಂಬಲ್ಲಿಗೆ ಅವರ ಚಿಂತನೆ ಬಂದು ಮುಟ್ಟಿತು.

ಉದಾಹರಣೆಗೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅದನ್ನು ಎಲ್ಲಿ ಇಡುವುದು? ಅಡಿಕೆ ಬೆಳೆಗಾರ ಅದನ್ನು ಬೆಳೆಯ ಹೆಸರಿನಲ್ಲಿ ಹುಡುಕುತ್ತಾನೆ, ಶಿಲೀಂಧ್ರ ತಜ್ಞ ರೋಗದ ಹೆಸರಿನಲ್ಲಿ, ಚರಿತ್ರಕಾರ ಮೈಸೂರು ಎಂಬ ಸ್ಥಳದಲ್ಲೋ 1910 ಎಂಬ ಕಾಲದಲ್ಲೋ. ಈ ನಾಲ್ಕೂ ಆ ಪುಸ್ತಕದ ನಿಜವಾದ ಮುಖಗಳೇ. ಇಂದಿನ ಟಿಪ್ಪಣಿ ಆ್ಯಪ್ ‘ಪ್ರಾಪರ್ಟಿ’ ಎನ್ನುವುದು ಇಂಥ ಮುಖವನ್ನೇ.

ಆದರೆ ಮರದ ಕಪಾಟಿಗೆ ಒಂದು ಮಿತಿಯಿತ್ತು. ಎಷ್ಟು ಮುಖಗಳಿದ್ದರೂ ಪುಸ್ತಕವನ್ನು ಒಂದು ಕಡೆ ಮಾತ್ರ ಇಡಬಹುದು. ಉಳಿದ ಮುಖಗಳಿಗೆ ಸೂಚಿ ಕಾರ್ಡುಗಳೇ ಗತಿ. ರಂಗನಾಥನ್ 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯಡಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಕಪಾಟಿನ ಮಿತಿಯನ್ನು ದಾಟುವ ದಾರಿ ಅಷ್ಟರೊಳಗೆ ಕ್ಯಾಲಿಫೋರ್ನಿಯಾದಲ್ಲಿ ತೆರೆದಿತ್ತು.

ಸ್ಥಾನ ಕಳೆದುಕೊಂಡ ಸಾಲು

ಸ್ಯಾನ್ ಹೊಸೆಯ ಐಬಿಎಂ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ 1970ರ ಜೂನ್‌ನಲ್ಲಿ ರಿಲೇಶನಲ್ ಮಾದರಿಯ ಪ್ರಬಂಧವನ್ನು ಪ್ರಕಟಿಸಿದರು. ಆಗಿನ ದತ್ತಾಂಶ ವ್ಯವಸ್ಥೆಗಳಲ್ಲಿ ಮಾಹಿತಿ ಕೊಂಬೆಗೆ ಕೊಂಬೆ ಕಟ್ಟಿದ ಮರದ ಹಾಗೆ ಇರುತ್ತಿತ್ತು. ಯಾವ ಕೊಂಬೆ ಹಿಡಿದು ಇಳಿಯಬೇಕೆಂದು ಗೊತ್ತಿದ್ದ ಪ್ರೋಗ್ರಾಮರ್‌ಗೆ ಮಾತ್ರ ಉತ್ತರ ಸಿಗುತ್ತಿತ್ತು. ಕಾಡ್ ಕೊಂಬೆಗಳನ್ನೇ ತೆಗೆದುಹಾಕಿದರು. ಮಾಹಿತಿ ಎಂದರೆ ಸಾಲುಗಳು ಮತ್ತು ಕಾಲಂಗಳು, ಅಷ್ಟೆ. ಯಾವ ಸಾಲು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಅರ್ಥವೇ ಇಲ್ಲ. ಕ್ರಮ ಬೇಕಾದವರು ಕೇಳುವಾಗ ಅದನ್ನು ಹೇಳಲಿ.

1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಹಾಗೆ ಕೇಳಲು ಒಂದು ಭಾಷೆ ಕೊಟ್ಟರು. ಸೀಕ್ವೆಲ್ ಎಂಬ ಹೆಸರಿನ ಅದೇ ಇಂದಿನ ಎಸ್‌ಕ್ಯೂಎಲ್. ಬಾಯ್ಸ್ ಅದೇ ವರ್ಷ ಹಠಾತ್ತನೆ ತೀರಿಕೊಂಡರು. ಅವರ ಭಾಷೆ ಇಂದು ಬ್ಯಾಂಕಿನಿಂದ ರೈಲ್ವೆ ಟಿಕೆಟ್ಟಿನವರೆಗೆ ಎಲ್ಲೆಡೆ ದುಡಿಯುತ್ತಿದೆ. ‘ಗ್ರೂಪ್ ಬೈ’ ಎಂಬ ಎರಡು ಪದಗಳ ಆಜ್ಞೆ ಈ ಭಾಷೆಯದ್ದು.

ಆದರೆ ಎಸ್‌ಕ್ಯೂಎಲ್‌ನ ಗುಂಪು ಲೆಕ್ಕಿಗನ ಗುಂಪು. ವಿಭಾಗವಾರು ಗುಂಪು ಮಾಡು ಎಂದರೆ ಅದು ಪ್ರತಿ ವಿಭಾಗದ ಸರಾಸರಿ ಸಂಬಳವನ್ನೋ ನೌಕರರ ಸಂಖ್ಯೆಯನ್ನೋ ಕೊಡುತ್ತದೆ. ಒಬ್ಬೊಬ್ಬ ನೌಕರನ ಸಾಲು ಆ ಮೊತ್ತದೊಳಗೆ ಕರಗಿಹೋಗುತ್ತದೆ. ಟಿಪ್ಪಣಿ ಬರೆಯುವವರಿಗೆ ಇದು ಸಾಲದು. ಕಾರಂತರ ಪುಸ್ತಕಗಳು ಹನ್ನೆರಡು ಎಂಬ ಉತ್ತರ ಹಿಡಿದು ಓದುಗ ಏನು ಮಾಡಿಯಾನು? ಹನ್ನೆರಡೂ ಹೆಸರು ಕಣ್ಣಮುಂದೆ ಇರಬೇಕು.

ಬರೆದ ಮೇಲೆ ಹುಟ್ಟುವ ವರ್ಗ

ಈ ಕೊರತೆಯನ್ನು ತುಂಬಿದ ಅಜೆಂಡಾ ಎಂಬ ತಂತ್ರಾಂಶವನ್ನು ಇಂದು ನೆನೆಯುವವರು ಕಡಿಮೆ. ಲೋಟಸ್ ಕಂಪನಿಯ ಸ್ಥಾಪಕ ಮಿಚ್ ಕೇಪರ್, ಜೆರ್ರಿ ಕ್ಯಾಪ್ಲನ್ ಮತ್ತು ಎಡ್ ಬೆಲೋವ್ ರೂಪಿಸಿದ ಅದು 1988ರಲ್ಲಿ ಡಾಸ್ ಕಂಪ್ಯೂಟರುಗಳಿಗೆ ಬಂತು. ಅದುವರೆಗಿನ ಡೇಟಾಬೇಸ್‌ಗಳಲ್ಲಿ ಮೊದಲು ಖಾನೆ ಮಾಡಿ ಆಮೇಲೆ ತುಂಬಬೇಕಿತ್ತು. ಅಜೆಂಡಾದಲ್ಲಿ ಮನಸ್ಸಿಗೆ ಬಂದದ್ದನ್ನು ಮೊದಲು ಬರೆದು, ವರ್ಗವನ್ನು ಆಮೇಲೆ ಹಚ್ಚಬಹುದಿತ್ತು. ಒಂದೇ ಟಿಪ್ಪಣಿಗೆ ಎಷ್ಟು ವರ್ಗಗಳಾದರೂ ಸರಿ. ‘ವ್ಯೂ’ ಎಂಬ ನೋಟವನ್ನು ತೆರೆದಾಗ ವರ್ಗಗಳು ತಲೆಬರಹಗಳಾಗಿ, ಟಿಪ್ಪಣಿಗಳು ಅವುಗಳ ಕೆಳಗೆ ಸಾಲಾಗಿ ನಿಲ್ಲುತ್ತಿದ್ದವು.

ಇನ್ನೂ ಮುಖ್ಯವಾದದ್ದು: ಒಂದು ತಲೆಬರಹದ ಕೆಳಗೆ ಹೊಸ ಸಾಲು ಬರೆದರೆ ಆ ವರ್ಗ ತಾನಾಗಿ ಅದಕ್ಕೆ ಅಂಟಿಕೊಳ್ಳುತ್ತಿತ್ತು. ಗುಂಪು ಬರೀ ನೋಟವಾಗಿ ಉಳಿಯದೆ ಬರೆಯುವ ಜಾಗವೂ ಆಯಿತು. ಅಜೆಂಡಾ ಮಾರುಕಟ್ಟೆಯಲ್ಲಿ ಬಾಳಲಿಲ್ಲ; ಅದರ ಈ ಒಂದು ಗುಣ ಇಂದಿನ ಹಲವು ಟಿಪ್ಪಣಿ ಆ್ಯಪ್‌ಗಳಲ್ಲೂ ಬದುಕಿದೆ.

1989ರಲ್ಲಿ ಬಂದ, ರೇ ಓಝಿ ನೇತೃತ್ವದ ಲೋಟಸ್ ನೋಟ್ಸ್ ಕಚೇರಿಗಳಿಗೆ ಇದೇ ನೋಟವನ್ನು ಅಭ್ಯಾಸ ಮಾಡಿಸಿತು. ದಾಖಲೆಗಳ ಸಂಗ್ರಹ ಒಂದು, ಅದನ್ನು ಇಲಾಖೆವಾರು, ದಿನಾಂಕವಾರು, ಗ್ರಾಹಕವಾರು ತೆರೆದು ಮುಚ್ಚುವ ವ್ಯೂಗಳು ಹಲವು. 1995ರಲ್ಲಿ ಐಬಿಎಂ ಲೋಟಸ್ ಕಂಪನಿಯನ್ನು ಕೊಂಡಿತು. 2019ರಲ್ಲಿ ನೋಟ್ಸ್ ಭಾರತದ ಎಚ್‌ಸಿಎಲ್ ಕೈಗೆ ಬಂತು.

2011ರಲ್ಲಿ ಬಂದ ಟ್ರೆಲ್ಲೊ ಗುಂಪುಗಳನ್ನು ಅಡ್ಡಡ್ಡಲಾಗಿ ನಿಲ್ಲಿಸಿತು. ಮಾಡಬೇಕಾದ್ದು, ನಡೆಯುತ್ತಿರುವುದು, ಮುಗಿದದ್ದು ಎಂಬ ಪಟ್ಟಿಗಳ ನಡುವೆ ಕಾರ್ಡುಗಳನ್ನು ಬೆರಳಿನಿಂದ ಎಳೆದಾಡುವುದು ಎಲ್ಲರಿಗೂ ಹಿಡಿಸಿತು. ಆದರೆ ಅಲ್ಲಿ ಕಾರ್ಡು ಮತ್ತೆ ಒಂದೇ ಪಟ್ಟಿಯೊಳಗೆ ವಾಸ ಹೂಡಿತು. ಇವಾನ್ ಝಾವ್ ಮತ್ತು ಸೈಮನ್ ಲಾಸ್ಟ್ ಕಟ್ಟಿದ ನೋಷನ್ 2018ರಲ್ಲಿ ಡೇಟಾಬೇಸ್ ಸೇರಿಸಿಕೊಂಡಾಗ ಈ ಗಂಟು ಬಿಚ್ಚಿತು. ಅಲ್ಲಿ ಬೋರ್ಡ್ ಎಂದರೆ ‘ಸ್ಥಿತಿ’ ಎಂಬ ಪ್ರಾಪರ್ಟಿಯ ಮೇಲೆ ಮಾಡಿದ ಗುಂಪು. ಕಾರ್ಡನ್ನು ಪಕ್ಕದ ಕಾಲಂಗೆ ಎಳೆದರೆ ಟಿಪ್ಪಣಿಯೊಳಗಿನ ಆ ಪ್ರಾಪರ್ಟಿಯ ಬೆಲೆ ಬದಲಾಗುತ್ತದೆ. ಅದೇ ಟಿಪ್ಪಣಿ ಕ್ಯಾಲೆಂಡರ್‌ನಲ್ಲಿ ತನ್ನ ದಿನಾಂಕದಲ್ಲೂ ಕಾಣುತ್ತದೆ. 2021ರಲ್ಲಿ ಕೋಷ್ಟಕ, ಪಟ್ಟಿಗಳಿಗೂ ಗುಂಪು ಮಾಡುವ ಸೌಲಭ್ಯ ಬಂತು.

ಟಿಪ್ಪಣಿಗಳನ್ನು ಬಳಕೆದಾರರ ಯಂತ್ರದಲ್ಲೇ ಸಾದಾ ಪಠ್ಯ ಕಡತಗಳಾಗಿ ಇಡುವ ಅಬ್ಸಿಡಿಯನ್‌ನಲ್ಲಿ ಇದನ್ನು ಮೊದಲು ಮಾಡಿದ್ದು ಬಳಕೆದಾರರ ಸಮುದಾಯವೇ ಬರೆದ ಡೇಟಾವ್ಯೂ ಎಂಬ ಪ್ಲಗಿನ್. 2025ರಲ್ಲಿ ಆ್ಯಪ್ ತನ್ನದೇ ‘ಬೇಸಸ್’ ಕೊಟ್ಟಿತು. ಗುಂಪು ಮಾಡುವ ಅನುಕೂಲ ಅದೇ ವರ್ಷ ಅದರ ಹಿಂದೆಯೇ ಬಂತು.

ಯಾವ ಗುಂಪು ಮೊದಲು?

ಗುಂಪು ಮಾಡುವ ಪ್ರಶ್ನೆ ಹೀಗೆ ಬಗೆಹರಿಯಿತು. ಗುಂಪುಗಳನ್ನು ಯಾವ ಕ್ರಮದಲ್ಲಿ ನಿಲ್ಲಿಸಬೇಕು ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ.

ಯಂತ್ರಕ್ಕೆ ಗೊತ್ತಿರುವುದು ಅಕ್ಷರ ಮತ್ತು ಅಂಕಿ. ಕೆಲಸಗಳ ಸ್ಥಿತಿಯನ್ನು ಶುರುವಾಗಬೇಕು, ನಡೆಯುತ್ತಿದೆ, ಮುಗಿದಿದೆ ಎಂದು ಕನ್ನಡದಲ್ಲಿ ಬರೆದು ಅಕಾರಾದಿಗೆ ಬಿಟ್ಟರೆ ‘ನಡೆಯುತ್ತಿದೆ’ ಮೊದಲು, ‘ಮುಗಿದಿದೆ’ ನಡುವೆ, ‘ಶುರುವಾಗಬೇಕು’ ಕೊನೆಗೆ ಬರುತ್ತದೆ. ಹಬ್ಬಗಳ ಟಿಪ್ಪಣಿಗಳನ್ನು ಮಾಸವಾರು ಗುಂಪು ಮಾಡಿದರೆ ಆಶ್ವಯುಜದಿಂದ ವರ್ಷ ಶುರುವಾಗುತ್ತದೆ. ಯುಗಾದಿಯ ಚೈತ್ರ ನಾಲ್ಕನೆಯ ಸ್ಥಾನಕ್ಕೆ ಹೋಗುತ್ತದೆ, ವೈಶಾಖ ಹನ್ನೊಂದನೆಯದಾಗಿ ಶ್ರಾವಣದ ಪಕ್ಕ ನಿಲ್ಲುತ್ತದೆ. ಅಕ್ಷರಗಳ ಕ್ರಮ ಸರಿಯಾಗಿಯೇ ಇದೆ, ವರ್ಷ ಮಾತ್ರ ಚೆಲ್ಲಾಪಿಲ್ಲಿ.

ರಂಗನಾಥನ್ ಇದಕ್ಕೂ ಉತ್ತರ ಹುಡುಕಿದ್ದರು. ಓದುಗನಿಗೆ ನೆರವಾಗುವ ಅನುಕ್ರಮ ಎಂಬುದು ಅವರ ವರ್ಗೀಕರಣ ಸಿದ್ಧಾಂತದ ದೊಡ್ಡ ಕಾಳಜಿ. ಕಾಲದಲ್ಲಿ ಮೊದಲು ಬಂದದ್ದು ಮೊದಲು, ಭೂಪಟದಲ್ಲಿ ನೆರೆಯವು ನೆರೆಯಲ್ಲಿ, ಸರಳವಾದದ್ದರಿಂದ ಜಟಿಲವಾದದ್ದಕ್ಕೆ, ರೂಢಿಯಲ್ಲಿರುವ ಸಾಲು ಇದ್ದರೆ ಆ ಸಾಲಿನಲ್ಲೇ. ಇವು ಯಾವುವೂ ಒದಗದಿದ್ದಾಗ ಮಾತ್ರ ಅಕಾರಾದಿ. ಅವರು ಕೊನೆಯ ಉಪಾಯವೆಂದು ಇಟ್ಟದ್ದನ್ನೇ ಬಹಳಷ್ಟು ತಂತ್ರಾಂಶಗಳು ಮೊದಲ ಆಯ್ಕೆ ಮಾಡಿಕೊಂಡಿವೆ.

ನೋಷನ್‌ನಂಥ ಆ್ಯಪ್‌ಗಳಲ್ಲಿ ಗುಂಪುಗಳನ್ನು ಎಳೆದು ಬೇಕಾದ ಸಾಲಿಗೆ ತರಬಹುದು. ಸಾದಾ ಪಠ್ಯವನ್ನೇ ನಂಬಿದ ಆ್ಯಪ್‌ಗಳಲ್ಲಿ ಏರಿಕೆ, ಇಳಿಕೆ ಎರಡೇ ಸಿಕ್ಕಾಗ ಜನ ‘01 ಚೈತ್ರ’, ‘02 ವೈಶಾಖ’ ಎಂದು ಹೆಸರಿನ ಹಿಂದೆ ಅಂಕಿ ಅಂಟಿಸುತ್ತಾರೆ. ಕೆಲಸ ನಡೆಯುತ್ತದೆ, ಆದರೆ ಯಂತ್ರದ ಅನುಕೂಲಕ್ಕಾಗಿ ಮನುಷ್ಯ ತನ್ನ ಮಾತನ್ನು ತಿದ್ದಿಕೊಂಡಂತಾಗುತ್ತದೆ.

ಉಳಿದ ತೊಡಕುಗಳಿಗೂ ಯೋಚನೆ ಬೇಕು. ಎರಡು ವರ್ಗಕ್ಕೆ ಸೇರಿದ ಟಿಪ್ಪಣಿ ಎರಡೂ ಗುಂಪಿನಲ್ಲಿ ಕಾಣುವುದು ಸರಿಯೇ. ಆಗ ಗುಂಪುಗಳ ಮೊತ್ತ ಟಿಪ್ಪಣಿಗಳ ಒಟ್ಟು ಸಂಖ್ಯೆಗಿಂತ ಹೆಚ್ಚಾಗುತ್ತದೆ ಎಂಬ ಎಚ್ಚರ ಇರಲಿ. ‘ಕಾದಂಬರಿ’, ‘ಕಾದಂಬರಿಗಳು’ ಎಂದು ಎರಡು ಬಗೆಯಲ್ಲಿ ಬರೆದರೆ ಯಂತ್ರ ಎರಡು ಗುಂಪು ಮಾಡುತ್ತದೆ. ಖಾಲಿ ಗುಂಪನ್ನು ಮರೆಮಾಡುವ ಸೌಲಭ್ಯವಿದ್ದರೂ ಕೆಲವೊಮ್ಮೆ ಹಾಗೇ ಬಿಡುವುದು ಒಳ್ಳೆಯದು. ‘ಮುಗಿದಿದೆ’ ಎಂಬ ಕಾಲಂ ಬರಿದಾಗಿದ್ದರೆ ಅದೂ ಒಂದು ಸುದ್ದಿ. ಯಾವ ವಿವರವೂ ತುಂಬದ ಟಿಪ್ಪಣಿಗಳು ಸೇರುವ ಹೆಸರಿಲ್ಲದ ಗುಂಪನ್ನಂತೂ ಆಗಾಗ ತೆರೆದು ನೋಡಲೇಬೇಕು. ನಾವು ಅರ್ಧಕ್ಕೆ ಬಿಟ್ಟ ಯೋಚನೆಗಳೆಲ್ಲ ಬಂದು ಸೇರುವುದು ಅಲ್ಲೇ.

ಗ್ರಂಥಾಲಯವೊಂದನ್ನು ಹೊಸ ಪದ್ಧತಿಗೆ ಒಗ್ಗಿಸಲು ಹಿಂದೆ ವರ್ಷಗಳೇ ಹಿಡಿಯುತ್ತಿದ್ದವು. ಇಂದು ಶಾಲಾ ಶಿಕ್ಷಕಿಯೊಬ್ಬರು ತಮ್ಮ ಪಾಠದ ಟಿಪ್ಪಣಿಗಳನ್ನು ತರಗತಿವಾರು, ವಿಷಯವಾರು, ತಿಂಗಳುವಾರು ಜೋಡಿಸಿ ನೋಡಿ, ಹೊಂದದ್ದನ್ನು ಮರುಕ್ಷಣವೇ ಬಿಡಬಹುದು. ತಪ್ಪು ವರ್ಗೀಕರಣಕ್ಕೆ ತೆರಬೇಕಾದ ಬೆಲೆ ಇಷ್ಟು ಇಳಿದದ್ದು ದೊಡ್ಡ ಬಿಡುಗಡೆ. ಆದ್ದರಿಂದ ಹತ್ತಾರು ಪ್ರಾಪರ್ಟಿ ತುಂಬಿಸುವ ಮೊದಲು ನಾನು ನಿಜವಾಗಿ ಕೇಳುವ ಎರಡು ಮೂರು ಪ್ರಶ್ನೆ ಯಾವುವು ಎಂದು ಗೊತ್ತುಮಾಡಿಕೊಂಡು, ಅಷ್ಟಕ್ಕೆ ಬೇಕಾದ ಮುಖಗಳನ್ನು ಮಾತ್ರ ಒಂದೇ ಬಗೆಯ ಕಾಗುಣಿತದಲ್ಲಿ ಬರೆಯುವುದು ಜಾಣತನ. ಆ್ಯಪ್ ಮಾಡುವವರಿಂದ, ಅದರಲ್ಲೂ ಬೆಂಗಳೂರಿನಲ್ಲಿ ಕೂತು ತಂತ್ರಾಂಶ ಬರೆಯುವವರಿಂದ, ಕೇಳಬೇಕಾದದ್ದು ಇಷ್ಟು: ಗುಂಪುಗಳ ಕ್ರಮವನ್ನು ಅಕ್ಷರಮಾಲೆಗೆ ಬಿಡಬೇಡಿ, ಬಳಸುವವರ ಕೈಗೆ ಕೊಡಿ. ಚೈತ್ರದ ನಂತರ ವೈಶಾಖ ಬರುತ್ತದೆ ಎಂಬುದನ್ನು ನಾವು ಒಮ್ಮೆ ಹೇಳಿದರೆ, ಯಂತ್ರ ಅದನ್ನು ನೆನಪಿಟ್ಟುಕೊಳ್ಳಬೇಕು.