ಚೀಟಿಂಗ್, ಫ್ರಾಡ್, ಡೂಪ್ಲಿಕೇಟ್: ಮೋಸದ ಮಾತಿನ ಲ್ಯಾಟಿನ್ ಬೇರು

ಮೋಸ, ವಂಚನೆ, ದಗಾ, ಠಕ್ಕು ಎಂದು ಕನ್ನಡದಲ್ಲಿ ಮಾತಿಗೇನೂ ಬರವಿಲ್ಲ. ಆದರೂ ಯಳಂದೂರು ತಾಲ್ಲೂಕಿನ ಅಗರದಿಂದ ಕೊಳ್ಳೇಗಾಲದ ಪೇಟೆಯವರೆಗೆ ಈಗ ಬೇಗ ಬಾಯಿಗೆ ಬರುವುದು ಚೀಟಿಂಗ್, ಫ್ರಾಡ್, ಡೂಪ್ಲಿಕೇಟ್. ಇಂಗ್ಲಿಷಿನಿಂದ ಬಂದ ಈ ಮೂರರ ಬೇರೂ ಲ್ಯಾಟಿನ್ನಿನಲ್ಲಿದೆ.

ಚೀಟಿಂಗ್‌ನದು ಎಲ್ಲಕ್ಕಿಂತ ವಿಚಿತ್ರ ಕಥೆ. ಲ್ಯಾಟಿನ್ನಿನಲ್ಲಿ ‘ಕಾದೆರೆ’ ಎಂದರೆ ಬೀಳು. ವಾರಸುದಾರರಿಲ್ಲದೆ ಸತ್ತವರ ಜಮೀನು ದೊರೆಯ ಪಾಲಿಗೆ ಬೀಳುವ ಪದ್ಧತಿಗೆ ಇದರಿಂದ ‘ಎಸ್ಚೀಟ್’ ಎಂಬ ಹೆಸರಾಯಿತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇಂಥ ಜಮೀನು ವಶಪಡಿಸಿಕೊಳ್ಳುತ್ತಿದ್ದ ಅಧಿಕಾರಿಗಳು ಸಲ್ಲದ್ದನ್ನೂ ಲಪಟಾಯಿಸಿ ಕೆಟ್ಟ ಹೆಸರು ಹೊತ್ತರು; ಪದದ ತಲೆ ಉದುರಿ, ಉಳಿದ ‘ಚೀಟ್’ಗೆ ಮೋಸವೆಂಬ ಅರ್ಥವೇ ನಿಂತಿತು. ತಾಯಿಪದ ಭಾರತದ ಸಂವಿಧಾನದ 296ನೇ ವಿಧಿಯಲ್ಲಿ ಇಂದಿಗೂ ಮರ್ಯಾದೆಯಿಂದಿದೆ. ಮರಿಪದ 1860ರ ಭಾರತೀಯ ದಂಡ ಸಂಹಿತೆಯ 420ನೇ ಕಲಂ ಸೇರಿತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಬಂದಿದ್ದರೂ ಜನರ ಬಾಯಲ್ಲಿ ಮೋಸಗಾರ ಇನ್ನೂ ‘ಫೋರ್ ಟ್ವೆಂಟಿ’ಯೇ. ಅಂದ ಹಾಗೆ, ತಿಂಗಳಿಗೊಮ್ಮೆ ಕೂಗುವ ಚೀಟಿಗೂ ಚೀಟಿಂಗ್‌ಗೂ ನಂಟಿಲ್ಲ, ದುಡ್ಡು ಎತ್ತಿಕೊಂಡು ಓಡಿಹೋಗುವ ಚೀಟಿದಾರರು ಏನೇ ಅನ್ನಿಸಲಿ.

ಫ್ರಾಡ್‌ನ ಮೂಲ ‘ಫ್ರೌಸ್’: ಕೇಡು, ಮೋಸ ಎರಡೂ ಹೌದು. ಕನ್ನಡದಲ್ಲಿ ‘ಅವನೊಬ್ಬ ಫ್ರಾಡು’ ಎಂದು ಆಳನ್ನೇ ಕರೆಯುವುದನ್ನು ಕೆಲವರು ತಪ್ಪು ಬಳಕೆ ಎನ್ನುತ್ತಾರೆ. ರೋಮಿನ ಹಾಸ್ಯ ನಾಟಕಕಾರ ಪ್ಲಾಟಸ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಅದನ್ನು ಹಾಗೆ ಬೈಗುಳವಾಗಿ ಬಳಸಿದ್ದಾನೆ.

ಡೂಪ್ಲಿಕೇಟ್ ಎಂದರೆ ಎರಡು ಮಡಿಕೆ ಮಾಡಿದ್ದು, ಅಂದರೆ ಇನ್ನೊಂದು ಪ್ರತಿ. ಡೂಪ್ಲಿಕೇಟ್ ಕೀಲಿಕೈ ಮಾಡಿಸುವುದರಲ್ಲಿ ತಪ್ಪೇನಿಲ್ಲ. ರೇಷ್ಮೆಗೆ ಹೆಸರಾದ ಕೊಳ್ಳೇಗಾಲದಲ್ಲಿ ಸೀರೆಯನ್ನು ಡೂಪ್ಲಿಕೇಟ್ ಎಂದರೆ ಮಾತ್ರ ಜಗಳವೇ. ಕುಚ್ಚಿನ ಒಂದೆಳೆ ಸುಟ್ಟು ನೋಡಿದರೆ ತಿಳಿಯುತ್ತದೆ: ಅಸಲಿ ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ದೇಶೀಯನೆನಿಸುವ ಠಕ್ಕನಿಗೂ ಲ್ಯಾಟಿನ್ ನೆಂಟಸ್ತಿಕೆಯಿದೆ. ಮುಚ್ಚು, ಮರೆಮಾಡು ಎಂಬರ್ಥದ ಸಂಸ್ಕೃತದ ‘ಸ್ಥಗ್’ ಧಾತುವೇ ಅವನ ಮೂಲವಿರಬೇಕೆಂದು ಭಾಷಾತಜ್ಞರು ಊಹಿಸುತ್ತಾರೆ. ಅದರ ದಾಯಾದಿ ಲ್ಯಾಟಿನ್ನಿನ ‘ತೆಗೆರೆ’. ಮುಚ್ಚಿದ್ದನ್ನು ತೆರೆದು ತೋರಿಸುವ ಡಿಟೆಕ್ಟಿವ್ ಹುಟ್ಟಿದ್ದು ಇದರಿಂದ. ಠಕ್ಕನ ಇನ್ನೊಂದು ರೂಪವಾದ ‘ಠಗ್’ 19ನೇ ಶತಮಾನದಲ್ಲಿ ಇಂಗ್ಲಿಷಿಗೆ ಹೋಗಿ ‘ಥಗ್’ ಆಯಿತು. ಅಲ್ಲೀಗ ಅದಕ್ಕೆ ಗೂಂಡಾ ಎಂದಷ್ಟೇ ಅರ್ಥ.