ಮೆಕ್ಕೆಜೋಳವೂ ಬರಗಾಲವೂ

ನ್ಯಾಮತಿಯ ಬಳಿಯ ಸೂರಗೊಂಡನಕೊಪ್ಪದಿಂದ ಜಗಳೂರಿನವರೆಗೆ, ದಾವಣಗೆರೆ ಜಿಲ್ಲೆಯ ರೈತರು ಮಳೆಯನ್ನೇ ನಂಬಿ ಮೆಕ್ಕೆಜೋಳ ಬಿತ್ತುತ್ತಾರೆ. ಹೂ ಬಿಡುವ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ, ಆಳೆತ್ತರ ಬೆಳೆದ ಗಿಡದ ತೆನೆಯೂ ಬರಿದಾಗುವುದುಂಟು. ಇದೇಕೆ?

ಈ ಗಿಡದ ಗಂಡು ಹೂಗಳು ನೆತ್ತಿಯಲ್ಲಿರುತ್ತವೆ; ಹೆಣ್ಣು ಹೂಗಳು ನಡುವೆ, ಎಲೆಯ ಕಂಕುಳಲ್ಲಿರುತ್ತವೆ. ತೆನೆಯ ತುದಿಯಿಂದ ಇಳಿಬೀಳುವ ರೇಷ್ಮೆಯಂತಹ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ದಾರಿ. ನೀರು ಸಾಲದಾದಾಗ ಪರಾಗವು ಹೆಚ್ಚುಕಡಿಮೆ ಸಕಾಲಕ್ಕೇ ಉದುರುತ್ತದೆ. ಎಳೆಗಳು ಮಾತ್ರ ತಡವಾಗಿ ಹೊರಡುತ್ತವೆ. ಅಷ್ಟರಲ್ಲಿ ಪರಾಗವು ತೀರಿಹೋಗಿರುತ್ತದೆ.

ಈ ದಿನಗಳ ಅಂತರವನ್ನೇ ತಳಿವಿಜ್ಞಾನಿಗಳು ಅಳತೆಗೋಲಾಗಿ ಹಿಡಿದರು. ಮೆಕ್ಸಿಕೊ ದೇಶದಲ್ಲಿರುವ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸುಧಾರಣಾ ಕೇಂದ್ರದಲ್ಲಿ 1975ರಿಂದ ಟುಕ್ಸ್‌ಪೆನ್ಯೊ ಎಂಬ ಮೆಕ್ಕೆಜೋಳವನ್ನು ಮಳೆಯಿಲ್ಲದ ಕಾಲದಲ್ಲಿ ಬೆಳೆದು, ಬೇಕೆಂದೇ ನೀರು ತಡೆದು, ಎಳೆಗಳು ಬೇಗ ಹೊರಟು ಕಾಳು ಕಟ್ಟಿದ ಸಂತತಿಗಳನ್ನೇ ಮುಂದಿನ ಬಿತ್ತನೆಗೆ ಆರಿಸಿದರು. ಹೀಗೆ ಎಂಟು ಸುತ್ತು ಆಯ್ದ ಮೇಲೆ ಅಂತರವು ಕುಗ್ಗಿತು, ಬರದಲ್ಲಿ ಇಳುವರಿ ಹೆಚ್ಚಿತು. ನೀರು ಸಾಕಷ್ಟಿದ್ದಾಗಲೂ ಇಳುವರಿ ಕುಂದಲಿಲ್ಲ.

ನೀರೇ ಬೇಡದ ಮೆಕ್ಕೆಜೋಳವು ಎಲ್ಲಿಯೂ ಇಲ್ಲ. ಆದರೆ ಗಂಡು ಹೆಣ್ಣು ಹೂಗಳು ಬರದಲ್ಲಿಯೂ ಹೊತ್ತಿಗೆ ಸರಿಯಾಗಿ ಕೂಡಿದರೆ ರೈತನಿಗೆ ಒಂದಿಷ್ಟು ಕಾಳಾದರೂ ಉಳಿಯುತ್ತದೆ. ಮುಂದಿನ ಮುಂಗಾರಿನಲ್ಲಿ ಹೊಲಕ್ಕೆ ಹೋಗಿ, ಪರಾಗ ಉದುರಿದ ದಿನವನ್ನೂ ಎಳೆ ಮೂಡಿದ ದಿನವನ್ನೂ ನಾವೇ ಗುರುತುಹಾಕಿ ನೋಡೋಣ.